ಮಗುವಿಗೆ ಒಂದೇ ಜಾಗ

ಕಚೇರಿಯ ಹಿರಿಯರೊಬ್ಬರ ಬಗ್ಗೆ ಇದ್ದ ಅಸಹ್ಯ ತನ್ನ ಮುಖದಲ್ಲಿ ಕಂಡುಬಿಡುತ್ತದೇನೋ ಎಂಬುದೇ ಅವಳ ಭಯ. ‘ನಿನ್ನೆಯೂ ಮೂಗು ಮುರಿದೆನೇ? ಯಾರಾದರೂ ನೋಡಿಬಿಟ್ಟರೇ?’ ಎಂದು ಬೆಳಿಗ್ಗೆ ಡೈರಿಯಲ್ಲಿ ಬರೆದುಕೊಂಡೇ ಕೆಲಸಕ್ಕೆ ಹೊರಟಿದ್ದಳು.

ಸಾಫ್ಟ್‌ವೇರ್ ಕಚೇರಿಯಲ್ಲಿ ಎಲ್ಲರೂ ‘ಗುರುಗಳು’ ಎಂದು ಕರೆಯುವ ಆ ಹಿರಿಯರು ಕೀಬೋರ್ಡಿನ ಮೇಲೆಲ್ಲ ಉದುರಿಸಿಕೊಂಡು ಬಿಸ್ಕತ್ತು ತಿಂದು, ಬೆರಳು ಚೀಪಿ, ಆ ಎಂಜಲು ಕೈಯಲ್ಲೇ ಅವಳ ಹಾಳೆ ಎತ್ತಿಕೊಂಡರು. ಹೆರಿಗೆ ಆಸ್ಪತ್ರೆಯ ದಾಖಲೆಗಳನ್ನು ಕಂಪ್ಯೂಟರಿಗೆ ತರಲು ಅವಳು ವಾರವೆಲ್ಲ ಕೂತು ಬರೆದ ಚಿತ್ರ ಅದು. ತಾಯಿ ಒಂದು ಚೌಕ, ಮಗು ಇನ್ನೊಂದು. ನಡುವೆ ಗೆರೆ: ಒಬ್ಬ ತಾಯಿಗೆ ಎಷ್ಟು ಮಕ್ಕಳಾದರೂ ಆಗಬಹುದು. ಏನೇನಿದೆ ಎಂದು ಮೊದಲು ಚಿತ್ರ. ಯಾವುದರ ಬಗ್ಗೆ ಏನು ಬರೆದಿಡಬೇಕು, ಯಾವ ಗುರುತಿನಿಂದ ಹುಡುಕಬೇಕು ಎಂದು ಆಮೇಲೆ ಪಟ್ಟಿ. ಕಂಪ್ಯೂಟರಿನೊಳಗೆ ಅವನ್ನೆಲ್ಲ ಸಾಲುಸಾಲಾಗಿ ತುಂಬಿಡುವ ಟೇಬಲ್ಲು ಕಟ್ಟಕಡೆಗೆ. ಹಾಗೆಂದೇ ಅವಳು ಕಲಿತಿದ್ದಳು.

“ಇದೆಲ್ಲ ಪರೀಕ್ಷೆಗೆ ಓದೋದು ಕಣಮ್ಮಾ. ಹಸಿದವನಿಗೆ ಅಡುಗೆ ಪುಸ್ತಕ ತೋರಿಸ್ತೀಯಾ? ನಾನು ಸೀದಾ ಟೇಬಲ್ಲೇ ಕಟ್ಟಿಬಿಟ್ಟೆ,” ಎಂದ ಗುರುಗಳು ಹಾಳೆಯನ್ನು ಟೀ ಲೋಟದಡಿ ಇಟ್ಟರು. ಮಗುವಿನ ಚೌಕದ ಮೇಲೆ ಕಂದು ಬಳೆ ಮೂಡಿತು. ಮೂಗು ಮುರಿಯುವ ಮೊದಲೇ ಅವಳು ಮುಖ ಆಚೆ ತಿರುಗಿಸಿಕೊಂಡಳು.

ಮಧ್ಯಾಹ್ನ ಇಬ್ಬರೂ ಆಸ್ಪತ್ರೆಗೆ ಹೋದರು. ಗುರುಗಳು ಕಟ್ಟಿದ್ದನ್ನು ಪರೀಕ್ಷಿಸಲು ವಾರ್ಡಿನ ಹಿರಿಯ ನರ್ಸ್ ಕನ್ನಡಕ ಏರಿಸಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ಅಂದು ಬೆಳಿಗ್ಗೆ ಹುಟ್ಟಿದ ಅವಳಿಗಳು. ಮೊದಲ ಮಗುವಿನ ತೂಕ, ರಕ್ತದ ಗುಂಪು ತುಂಬಿದರು. ಎರಡನೆಯದರದು ತುಂಬಿದ್ದೇ ತಡ, ಮೊದಲನೆಯದು ಅಳಿಸಿಹೋಯಿತು. ಗುರುಗಳ ಟೇಬಲ್ಲಿನಲ್ಲಿ, ತಾಯಿಯ ಸಾಲಿನಲ್ಲೇ ಮಗುವಿಗೂ ಒಂದೇ ಒಂದು ಜಾಗ.

“ಅಯ್ಯೋ, ದೊಡ್ಡದು ಎಲ್ಲಿ ಹೋಯ್ತಪ್ಪಾ?”

“ಅವಳಿ ದಿನಾ ಹುಟ್ತಾವಾ ಸಿಸ್ಟರ್? ‘ಮಗು ಎರಡು’ ಅಂತ ಇನ್ನೊಂದು ಕಾಲಂ ಹಾಕಿದ್ರೆ ಮುಗೀತು,” ಎಂದರು ಗುರುಗಳು.

“ಮೂರು ಬಂದ್ರೆ? ವಾಪಸ್ ಒಳಗೆ ಕಳಿಸ್ಲಾ?”

ಗುರುಗಳು ಹಲ್ಲು ಕಿರಿದರು. “ಚಿತ್ರ, ಪಟ್ಟಿ, ಟೇಬಲ್ಲು, ಮೂರೂ ಹಂತ ಕ್ರಮವಾಗೇ ಮಾಡಿದೀವಿ ಸಿಸ್ಟರ್. ಚಿತ್ರ ಬರೆದದ್ದು ಇವಳು, ಸ್ವಲ್ಪ ಕಣ್ತಪ್ಪಾಗಿದೆ. ನೀವು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ಆಮೇಲೆ ಸರಿಮಾಡ್ತೀವಿ. ಅಲ್ವೇನಮ್ಮಾ?”

ಸಹಿ ಬಿದ್ದರೆ ನಾಳೆಯಿಂದ ಕಾಗದದ ರಿಜಿಸ್ಟರ್ ಬಂದ್. ಎಲ್ಲ ಕೂಸುಗಳೂ ಇದರಲ್ಲೇ. ಸಿಸ್ಟರ್ ಪೆನ್ನು ತೆಗೆದರು. ಆ ಮನುಷ್ಯನ ಮೇಲಿದ್ದ ಹೇಸಿಗೆ, ಹೂಂ ಎಂದು ಒಪ್ಪಲು ಆಗಲೇ ಬಾಗತೊಡಗಿದ್ದ ತನ್ನ ಕತ್ತಿನ ಮೇಲೂ ಹುಟ್ಟಿತು ಅವಳಿಗೆ.

“ಸಹಿ ಹಾಕ್ಬೇಡಿ ಸಿಸ್ಟರ್,” ಎಂದಳು. “ಚಿತ್ರದಲ್ಲಿ ತಪ್ಪಿಲ್ಲ; ಅದನ್ನ ಬದಿಗಿಟ್ಟು, ಪಟ್ಟಿನೂ ಮಾಡದೆ, ಸೀದಾ ಟೇಬಲ್ಲು ಕಟ್ಟಿದೀವಿ.”