ಬೀರನ ದವಡೆ

ತೊಂಡೇಬಾವಿಯ ಶಾಲೆಯಲ್ಲಿ ಟೀಚರಾಗಿದ್ದ ತನುಜಳ ಮನೆಯ ನಾಯಿ ಬೀರನಿಗೆ ಎಂಟು ವರ್ಷ. 2006ರ ಮಾರ್ಚ್‌ನಲ್ಲಿ ಅದು ಮುದ್ದೆ ಮುಟ್ಟುವುದನ್ನೇ ಬಿಟ್ಟಿತು. ಬಾಯಿಂದ ಎಳೆಎಳೆಯಾಗಿ ಜೊಲ್ಲು ಸುರಿಯುತ್ತಿತ್ತು. ಪಕ್ಕದ ಮನೆಯ ಓಬಳಮ್ಮ ಕನಿಕರದಿಂದ ರೊಟ್ಟಿ ಚೂರು ಹಿಡಿದು ಅದರ ಕೆನ್ನೆ ಸವರಿದಾಗ ಬೀರ ಕಿರುಚಿಕೊಂಡು ಕೈಗೆ ಬಾಯಿ ಹಾಕಿತು. ರಕ್ತ ಬಂತು.

ಓಬಳಮ್ಮನ ಮಗ ಕೋನಪ್ಪ ದೊಣ್ಣೆ ಹಿಡಿದೇ ಬಂದ. “ಹುಚ್ಚು ಹಿಡಿದೈತೆ ಟೀಚರಮ್ಮ. ಹೊಡೆದು ಹೂತಾಕ್ತೀನಿ, ನೀವು ಒಳಕ್ಕೋಗಿ.”

“ಮೊದಲು ನಿಮ್ಮಮ್ಮನ ಕೈ ಸೋಪು ಹಾಕಿ ತೊಳಿ ಕಣಪ್ಪ. ಆಸ್ಪತ್ರೆಗೆ ಹೋಗಣ, ಸೂಜಿ ಹಾಕಿಸಣ. ನಾಯಿನ ನಾನು ಕಟ್ಟಿಹಾಕ್ತೀನಿ.”

ತನುಜಳ ಗಂಡ ಗಂಗರಾಜು ಮೆಲ್ಲಗೆ ಹೇಳಿದ: “ಮಕ್ಕಳು ಓಡಾಡೋ ಬೀದಿ ಕಣೇ. ಅವನು ಹೇಳೋದ್ರಲ್ಲಿ ತಪ್ಪೇನಿದೆ?”

ಅವಳು ಸರಪಳಿ ತಂದು ಬೀರನನ್ನು ಕಟ್ಟಿಹಾಕಿದಳು. ನಿಜವಾಗಿ ಅವಳಿಗೂ ಭಯವಿತ್ತು.

ಗೌರಿಬಿದನೂರಿನಿಂದ ಬಂದ ಪಶುವೈದ್ಯರು ದೂರ ನಿಂತೇ ನೋಡಿದರು. ಬೀರನ ಬಲಗಣ್ಣಿನ ಕೆಳಗೆ ಊತ. “ಹಲ್ಲಿಂದೇ ಇರಬಹುದಮ್ಮ. ಆದ್ರೂ ಕಚ್ಚಿದೆಯಲ್ಲ, ಹತ್ತು ದಿನ ನೋಡಲೇಬೇಕು. ಹುಚ್ಚಾಗಿದ್ರೆ ಅಷ್ಟರೊಳಗೆ ಸಾಯುತ್ತೆ. ಯಾರೂ ಬಾಯಿಗೆ ಕೈ ಹಾಕಬೇಡಿ.” ಗಂಜಿಗೆ ಬೆರೆಸಲು ಮಾತ್ರೆ ಕೊಟ್ಟು ಹೋದರು.

ತನುಜ ಬಟ್ಟಲನ್ನು ಕೋಲಿನಿಂದ ತಳ್ಳುತ್ತಿದ್ದಳು. ಬೀರ ತಲೆ ವಾರೆ ಮಾಡಿ ಒಂದೇ ಪಕ್ಕದಿಂದ ಗಂಜಿ ನೆಕ್ಕುತ್ತಿತ್ತು. ಬೀದಿಯವರು ಗೇಟಿನಿಂದ ಇಣುಕಿ, ಇನ್ನೂ ಸತ್ತಿಲ್ಲವೇ ಎಂದು ಕೇಳಿ ಹೋಗುತ್ತಿದ್ದರು. ಐದನೆಯ ದಿನ ಊತ ಒಡೆದು ಕೀವು ಇಳಿಯಿತು. ಆ ನಾತ ಅವಳಿಗೆ ಹೊಸದಲ್ಲ. ಒಂದು ವರ್ಷದಿಂದ ಬೀರನ ಬಾಯಿ ಹಾಗೇ ನಾರುತ್ತಿತ್ತು. ವಾಸನೆ ತಡೆಯದೆ ಅದನ್ನು ಪಡಸಾಲೆಯಿಂದ ಹಿತ್ತಲಿಗೆ ಹಾಕಿದವಳು ತಾನೇ. ಒಮ್ಮೆಯೂ ಬಾಯಿ ತೆರೆದು ನೋಡಿರಲಿಲ್ಲ.

ಹತ್ತು ದಿನ ಕಳೆದವು, ಬೀರ ಬದುಕಿತ್ತು. ವೈದ್ಯರು ಮತ್ತೆ ಬಂದು, ಅರಿವಳಿಕೆ ಸೂಜಿ ಕೊಟ್ಟು ದವಡೆ ಬಿಡಿಸಿದರು. ಯಾವಾಗಲೋ ಮೂಳೆ ಕಡಿಯುವಾಗ ದೊಡ್ಡ ಹಲ್ಲೊಂದು ಸೀಳಿತ್ತು, ಬೇರು ಪೂರಾ ಕೊಳೆತಿತ್ತು. ಅದರ ಜೊತೆಗೆ ಇನ್ನೆರಡನ್ನೂ ಕಿತ್ತರು.

“ಹುಚ್ಚಲ್ಲ, ಹಲ್ಲುನೋವು. ತಿಂಗಳುಗಟ್ಟಲೆ ಸಹಿಸಿದೆ ಪಾಪ. ಇನ್ಮೇಲೆ ದಿನಾ ಒದ್ದೆ ಬಟ್ಟೇಲಿ ಹಲ್ಲು ಉಜ್ಜಿ. ನಾವು ಹಲ್ಲುಜ್ಜೋ ಪೇಸ್ಟ್ ಮಾತ್ರ ಹಾಕಬೇಡಿ.”

ತನುಜ ಓಬಳಮ್ಮನ ಮನೆಗೆ ಹೋಗಿ ವಿಷಯ ತಿಳಿಸಿದಳು. ಅಷ್ಟರಲ್ಲಿ ನಾಲ್ಕು ಸೂಜಿ ಹಾಕಿಸಿಕೊಂಡಿದ್ದ ಓಬಳಮ್ಮ, “ಬಾಯಿಲ್ಲದ್ದು, ಹೆಂಗೆ ಹೇಳೀತು?” ಎಂದಳು. ಕೋನಪ್ಪ ಎದ್ದು ಹೋದ.

ಬೀರ ಮುದ್ದೆ ತಿನ್ನತೊಡಗಿತು. ಆದರೆ ತನುಜ ಒದ್ದೆ ಬಟ್ಟೆ ಹಿಡಿದು ಹತ್ತಿರ ಬಂದರೆ ಮುಖ ತಿರುಗಿಸಿ ಗೋಡೆಗೆ ಒತ್ತಿಕೊಳ್ಳುತ್ತಿತ್ತು. ಗಂಗರಾಜು, “ನಾನು ಹಿಡ್ಕೊಳ್ಳಲಾ?” ಎಂದ.

“ಬೇಡ,” ಎಂದು ಅವಳು ಅಲ್ಲೇ ನೆಲದ ಮೇಲೆ ಕೂತಳು. ದಿನಾ ಹೀಗೇ ಕೂತು ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಬೀರ ತುಟಿ ಎತ್ತಲು ಬಿಟ್ಟಿತು. ಎರಡು ಹಲ್ಲು ಉಜ್ಜುವಷ್ಟರಲ್ಲಿ ಅದರ ಮೈ ನಡುಗತೊಡಗಿತು. ತನುಜ ಕೈ ಹಿಂದಕ್ಕೆ ತೆಗೆದುಕೊಂಡಳು.