ಹಿಂದಿನ ಸೀಟಿನ ಹಾಡುಗಾರ್ತಿ

ಹಾಡುಗಾರ್ತಿಯ ಗಂಟಲು ಕೈಕೊಟ್ಟದ್ದು ಸ್ಟುಡಿಯೋದಲ್ಲಿ, ಮೈಕಿನ ಮುಂದೆ. ಪಲ್ಲವಿಯ ಮೇಲಿನ ಸ್ವರಕ್ಕೆ ಏರಲು ಹೋದಳು; ಬಂದದ್ದು ಬರೀ ಗಾಳಿ. ನೀರು ಕುಡಿದು ಮತ್ತೆ ನೋಡಿದಳು. ಗಾಜಿನ ಆಚೆ ಕೂತಿದ್ದ ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದಿಟ್ಟ.

ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಒಳಗೆ ಗಂಟು ಕಟ್ಟಿದೆ ಎಂದರು. "ಆಪರೇಷನ್ ಬೇಕಾಗಲ್ಲ ಅನ್ಸುತ್ತೆ. ಆದ್ರೆ ನಾನು ಹೇಳೋವರೆಗೂ ಹಾಡೋ ಹಾಗಿಲ್ಲ, ಮಾತಾಡೋ ಹಾಗೂ ಇಲ್ಲ. ಪಿಸುಗುಟ್ಟೋದೂ ಬೇಡ."

ಅವಳಿಗೆ ಮೊದಲು ನೆನಪಾದದ್ದು ಗಂಟಲಲ್ಲ, ಮ್ಯಾನೇಜರು. ತಿಂಗಳಿಗೊಂದು ಹೊಸ ಹಾಡು ಬಿಡಲೇಬೇಕು ಎಂಬುದು ಅವರ ಹಟ. ಕೆಟ್ಟವರೇನಲ್ಲ. ಯಾವುದೋ ಅಂಗಡಿಯ ಉದ್ಘಾಟನೆಯಲ್ಲಿ ಅವಳು ಹಾಡುವಾಗ ಯಾರೂ ಕಿವಿಗೊಡದೆ ಓಡಾಡುತ್ತಿದ್ದಾಗ, ನಿಂತು ಪೂರ್ತಿ ಕೇಳಿ ಅವಳನ್ನು ಮೇಲೆ ತಂದವರು ಅವರೇ. ಆದರೆ ಅವರಿಗೊಂದು ಭಯ. "ಜನ ಫೋನಲ್ಲಿ ಬೆರಳಾಡಿಸ್ತಾನೇ ಇರ್ತಾರೆ ತಾಯಿ. ನೀನು ಕಾಣಿಸ್ಲಿಲ್ಲ ಅಂದ್ರೆ ಇನ್ನೊಬ್ಬಳು ಕಾಣಿಸ್ತಾಳೆ. ಅಷ್ಟೇ, ಕಥೆ ಮುಗೀತು." ಆ ಭಯ ಅವಳಿಗೂ ಅಂಟಿತ್ತು. ಒಂದು ಹಾಡು ಬಿಡುಗಡೆಯಾದ ದಿನವೇ ಮುಂದಿನದಕ್ಕೆ ಸಾಲು ಹುಡುಕುತ್ತಿದ್ದಳು. ವೇದಿಕೆಯಲ್ಲಿ ಯಾರಾದರೂ ಹೋದ ವರ್ಷದ ಹಾಡು ಕೇಳಿದರೆ ಸಾಹಿತ್ಯವೇ ನೆನಪಾಗುತ್ತಿರಲಿಲ್ಲ.

ಸುದ್ದಿ ತಿಳಿದ ಅಕ್ಕ ಬಂದು, ತಾನೇ ಬ್ಯಾಗು ತುಂಬಿ, ತನ್ನ ಮನೆಗೆ ಕರೆದೊಯ್ದಳು. ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. "ಚಿಕ್ಕವಳಿದ್ದಾಗಿಂದ ನಿನ್ನ ಬಾಯಿ ಮುಚ್ಚಿಸೋಕೆ ನನ್ನ ಕೈಲಿ ಆಗಿರ್ಲಿಲ್ಲ. ಆ ಡಾಕ್ಟರಿಗೊಂದು ದೊಡ್ಡ ನಮಸ್ಕಾರ," ಎಂದಳು. ತಂಗಿ ನಗಲೂ ಹೆದರಿ ಬಾಯಿಗೆ ಕೈ ಅಡ್ಡ ಹಿಡಿದಳು.

ತಂಗಿ ಹಗಲೆಲ್ಲ ಸೋಫಾದಲ್ಲಿ ಮುದುಡಿ ಕೂತು, ಯಾರ್‍ಯಾರ ಹಾಡು ಬಂತು ಎಂದು ಫೋನು ನೋಡುತ್ತಿದ್ದಳು. ಅಕ್ಕನಿಗೆ ತಡೆಯಲಾಗಲಿಲ್ಲ. "ಏಳೇ, ಅದನ್ನ ಉಜ್ಜಿದ್ದು ಸಾಕು. ನನ್ ಜೊತೆ ಬಾ." ಗುರುತು ಸಿಗದಂತೆ ಟೋಪಿ, ಮಾಸ್ಕು ಹಾಕಿಸಿ ಕಲಿಕೆಯ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಬಂದವರೆಲ್ಲ ಅವಳನ್ನೂ ಕಲಿಯಲು ಬಂದವಳೆಂದೇ ತಿಳಿದರು.

ಹಾಗೆ ಬಂದವರಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದರು. ಅಕ್ಕ ಅವರನ್ನು ಟೈಲರಮ್ಮ ಎನ್ನುತ್ತಿದ್ದಳು. ಆಪರೇಷನ್ ಆದರೂ ಗಂಡನ ಕಣ್ಣು ಮಂಜಾಗಿಯೇ ಉಳಿದು ಸ್ಟಿಯರಿಂಗ್ ಬಿಡಬೇಕಾದಾಗ, ಇನ್ನು ಮೇಲೆ ಅವರನ್ನು ತಾನೇ ಸುತ್ತಾಡಿಸುತ್ತೇನೆಂದು ಈ ವಯಸ್ಸಿನಲ್ಲಿ ಕಲಿಯಲು ಹೊರಟಿದ್ದರು. ಸಿಗ್ನಲ್ ಕಂಡರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು.

ಅವತ್ತು ಏರುರಸ್ತೆಯಲ್ಲಿ ಕೆಂಪು ದೀಪ ಬಿತ್ತು. ಹಿಂದೆಯೇ ಬಸ್ಸೊಂದು ಬಂದು ಅಂಟಿಕೊಂಡಂತೆ ನಿಂತಿತು. ಟೈಲರಮ್ಮ ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದು ಮೆಲ್ಲಗೆ ಏನನ್ನೋ ಗುನುಗತೊಡಗಿದರು.

ಹಾಡುಗಾರ್ತಿಯ ಬೆನ್ನು ನೆಟ್ಟಗಾಯಿತು. ಅದು ಅವಳದೇ ಹಾಡು. ಬಂದ ಮರುತಿಂಗಳೇ ಇನ್ನೊಂದು ಬಂದು ಅದನ್ನು ಮುಚ್ಚಿಹಾಕಿತ್ತು. ಓಡಲಿಲ್ಲ ಎಂದು ಹಾಡು ಬಿಡುಗಡೆ ಮಾಡುವ ಕಂಪನಿಯವರು ಅದರ ಹೆಸರೆತ್ತುವುದನ್ನೇ ಬಿಟ್ಟಿದ್ದರು.

"ಯಾವ ಹಾಡದು?" ಅಕ್ಕ ಏನೂ ಅರಿಯದವಳಂತೆ ಕೇಳಿದಳು.

"ಹೆಸರು ಗೊತ್ತಿಲ್ಲಮ್ಮ. ನಮ್ಮನೆಯವರ ಕಣ್ಣಿನ ಆಪರೇಷನ್ ನಡೀತಿದ್ದಾಗ ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಮಗಳು ಇಯರ್‌ಫೋನ್ ಕಿವಿಗೆ ಸಿಕ್ಕಿಸಿ ಹೋಗಿದ್ಲು. ಇದೊಂದೇ ಸುತ್ತಿ ಸುತ್ತಿ ಬರ್ತಿತ್ತು. ಅವತ್ತಿಂದ ಕೈಕಾಲು ನಡುಗಿದಾಗೆಲ್ಲ ಇದೇ ಔಷಧಿ."

"ಅದನ್ನ ಹಾಡಿದ ಆಯಮ್ಮ ಆಮೇಲೂ ತುಂಬಾ ಹಾಡು ಬಿಟ್ಟಿದಾಳಂತೆ. ಕೇಳಿಲ್ವಾ?"

"ಕೇಳೋಣ, ಅವಸರ ಏನು? ನನಗಿನ್ನೂ ಇದೇ ಮುಗಿದಿಲ್ಲ."

ಅಕ್ಕನಿಗೆ ಹೊಟ್ಟೆಯಲ್ಲಿಟ್ಟುಕೊಳ್ಳಲಾಗಲಿಲ್ಲ. "ಕನ್ನಡೀಲಿ ನೋಡಿ. ಹಿಂದೆ ಕೂತಿದಾಳಲ್ಲ, ಅವಳೇ ಹಾಡಿದ್ದು. ನನ್ ತಂಗಿ."

ಅಷ್ಟರಲ್ಲಿ ಹಸಿರು ದೀಪ ಬಂತು. ಟೈಲರಮ್ಮ ಕ್ಲಚ್ ಬಿಟ್ಟೇಬಿಟ್ಟರು. ಕಾರು ಒಮ್ಮೆ ಕುಪ್ಪಳಿಸಿ ಆಫ್ ಆಯಿತು. ಬಸ್ಸಿನವನು ಹಾರನ್ ಒತ್ತಿಹಿಡಿದ. ಅವರಿಗೆ ಅದರ ಪರಿವೆಯೇ ಇಲ್ಲ. ಪೂರ್ತಿ ಹಿಂದಕ್ಕೆ ತಿರುಗಿದ್ದರು. "ಅಯ್ಯೋ ಮಗಳೇ, ನಿನ್ನೆದುರಿಗೇ ನಿನ್ನ ಹಾಡು ಕೆಡಿಸಿಬಿಟ್ನಲ್ಲ!"

ಮಾಸ್ಕ್ ತೆಗೆದ ಹಾಡುಗಾರ್ತಿಯ ಕಣ್ಣು ತುಂಬಿತ್ತು. ಹೇಳಬೇಕಾದದ್ದು ಬೆಟ್ಟದಷ್ಟಿತ್ತು, ಹೇಳುವ ಹಾಗಿರಲಿಲ್ಲ. ಮುಂದಕ್ಕೆ ಬಾಗಿ ಟೈಲರಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮೊದಲು ಗಾಡಿ ಸ್ಟಾರ್ಟ್ ಮಾಡಿ," ಎಂದಳು ಅಕ್ಕ. "ಪಕ್ಕಕ್ಕೆ ಹಾಕಿ ನಿಧಾನಕ್ಕೆ ಅಳೋಣ."

ಡಾಕ್ಟರು ಮಾತಾಡಬಹುದು ಎಂದ ದಿನ ಹಾಡುಗಾರ್ತಿ ಅಕ್ಕನಿಗೆ ಥ್ಯಾಂಕ್ಸ್ ಹೇಳಿ, ಅಲ್ಲಿಂದ ನೇರ ಮ್ಯಾನೇಜರ ಆಫೀಸಿಗೆ ಹೋದಳು. ಅವರು ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದರು. "ನೋಡು, ಕೇಳೋರು ಎಷ್ಟು ಇಳಿದಿದಾರೆ."

"ಇಳೀಲಿ ಸರ್. ನೀವಿಲ್ದಿದ್ರೆ ನಾನಿಲ್ಲ, ಅದನ್ನ ಸಾಯೋವರೆಗೂ ಮರೆಯಲ್ಲ. ಆದ್ರೆ ಇನ್ಮೇಲೆ ತಿಂಗಳಿಗೊಂದು ನನ್ನಿಂದ ಆಗಲ್ಲ. ಹಾಡು ಆದಾಗ ಆಗುತ್ತೆ. ನಿಮಗೇ ಮೊದಲು ಕೇಳಿಸ್ತೀನಿ."

ಅವರು ಪರದೆಯನ್ನು ತಮ್ಮತ್ತ ತಿರುಗಿಸಿಕೊಂಡು ಆರಿಸಿದರು. "ನಿಜ ಹೇಳ್ಲಾ? ನನಗೂ ಸಾಕಾಗಿತ್ತು," ಎಂದರು.

ಅವರ ಭಯ ಸುಳ್ಳೇನಾಗಿರಲಿಲ್ಲ. ಬಸ್‌ನಿಲ್ದಾಣದ ಜಾಹೀರಾತಿನಲ್ಲಿ ಅವಳ ಮುಖವಿದ್ದ ಜಾಗಕ್ಕೆ ಹೊಸ ಹುಡುಗಿಯೊಬ್ಬಳ ಮುಖ ಬಂತು. ಹಾಡುಗಾರ್ತಿಗೆ ಬೇಸರವಾದದ್ದು ಹೌದು. ಆದರೆ ಆ ಹುಡುಗಿಯ ಹಾಡು ಕೂತು ಕೇಳಿದರೆ ಚೆನ್ನಾಗಿಯೇ ಇತ್ತು. ಹಾಗೆಂದು ಅವಳಿಗೆ ಫೋನ್ ಮಾಡಿ ಹೇಳಿದಳು. ಗಂಟಲು ಜೋಪಾನ ಎಂದೂ ಸೇರಿಸಿದಳು.

ಹಾಡುಗಾರ್ತಿಯ ಮುಂದಿನ ಹಾಡು ಬರಲು ವರ್ಷ ದಾಟಿತು. ಮೊದಲ ವಾರ ಯಾರೂ ಗಮನಿಸಲಿಲ್ಲ. ಆಮೇಲೆ ಅಲ್ಲೊಬ್ಬರು ಇಲ್ಲೊಬ್ಬರು ಕೇಳಿ, ತಮ್ಮವರಿಗೆ ಕಳಿಸಿ, ಮೆಲ್ಲಗೆ ಹಬ್ಬಿತು. ಮೊದಲಿನಷ್ಟಲ್ಲ, ಆದರೆ ತಿಂಗಳುಗಟ್ಟಲೆ ನಿಂತಿತು. ವೇದಿಕೆಯ ಮೇಲೆ ಈಗ ಅವಳಿಗೆ ಒಂದು ಸಾಲೂ ಮರೆಯುವುದಿಲ್ಲ.

ಮೊನ್ನೆ ಸ್ಟುಡಿಯೋದಲ್ಲಿ ಪಿಟೀಲಿನವರು ಒಂದು ತಿರುವನ್ನು ಮತ್ತೆ ಮತ್ತೆ ನುಡಿಸಿಯೂ ಸಮಾಧಾನವಾಗದೆ ಕಮಾನು ಇಳಿಸಿ, "ಇವತ್ತೇ ಮುಗಿಸ್ಲೇಬೇಕಾ ಮೇಡಂ?" ಎಂದು ಕೇಳಿದರು.

"ಯಾರು ಹೇಳಿದ್ದು? ಮನೆಗೆ ಹೋಗಿ ಬಿಸಿ ಬಿಸಿ ಊಟ ಮಾಡಿ. ನಾಳೆ ನೋಡೋಣ," ಎಂದು ಹಾಡುಗಾರ್ತಿ ಅವರ ಪಿಟೀಲಿನ ಪೆಟ್ಟಿಗೆಯನ್ನು ತಾನೇ ತೆರೆದುಕೊಟ್ಟಳು.