ಅತ್ತಿಗೆ ‘ಮರೆತೆ’ ಒತ್ತುತ್ತಾರೆ

೧
ಎಲ್ಲಿಂದ ಶುರು ಮಾಡಲಿ? ‘ಅತ್ತಿಗೆ ಓದಲು ಒಂದು ಆ್ಯಪ್ ಹುಡುಕುತ್ತಿದ್ದರು’ ಎಂದರೆ ನೀವು ಪುಟ ಮಗುಚುತ್ತೀರಿ. ಹಾಗಾದರೆ ಕೇಳಿ: ಅವರು ಮಗಳನ್ನು ಬೆಳೆಸಲೆಂದು ಕೆಲಸ ಬಿಟ್ಟ ನರ್ಸ್. ಮಕ್ಕಳ ವಾರ್ಡಿಗೆ ಮರಳಬೇಕೆಂದರೆ ಪರೀಕ್ಷೆ ಪಾಸಾಗಬೇಕು. ಓದಿದ್ದೆಲ್ಲ ತಲೆಯಿಂದ ಹಾರಿಹೋಗಿದೆ.

(ಕಥೆ ಇಷ್ಟೇ. ಉಳಿದದ್ದು ನನ್ನ ಒದ್ದಾಟ.)

೨
ಈ ಕಥೆಯ ಮೊದಲ ಡ್ರಾಫ್ಟಿನಲ್ಲಿ ಆ್ಯಪ್ ಆರಿಸಿಕೊಟ್ಟ ಜಾಣ ನಾನೇ. ಬಣ್ಣಬಣ್ಣದ್ದು, ಒಂದು ಉತ್ತರ ಸರಿಯಾದರೂ ಚಪ್ಪಾಳೆ ತಟ್ಟುತ್ತದೆ. ಹಿಂದೆ ನಿಂತು ಓದಿದ ಅತ್ತಿಗೆ, “ನಾನೇನು ಎಳೇ ಮಗುನಾ? ಅಳಿಸು ಇದನ್ನ” ಎಂದರು.

ಅಳಿಸಿದೆ.

೩
ನಿಜದಲ್ಲಿ ಆ ಚಪ್ಪಾಳೆಯ ಆ್ಯಪನ್ನೂ ತಾವೇ ಹುಡುಕಿದ ಇನ್ನೊಂದನ್ನೂ ಒಂದು ವಾರ ಒರೆಗೆ ಹಚ್ಚಿ ಅವರು ಉಳಿಸಿಕೊಂಡದ್ದು ಬೋಳುಬೋಳಾದ ಆ ಇನ್ನೊಂದನ್ನು. ಕಾರ್ಡಿನ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ. ನೋಡಿದ ಮೇಲೆ ‘ಮರೆತೆ’ ಅಥವಾ ‘ಸುಲಭ’ ಒತ್ತಬೇಕು. ಮರೆತದ್ದು ಬೇಗ ಬರುತ್ತದೆ. ಸುಲಭವಾದದ್ದು ತಿಂಗಳುಗಟ್ಟಲೆ ಮುಖ ತೋರಿಸುವುದಿಲ್ಲ.

“ಮರೆಯೋ ಹೊತ್ತಿಗೆ ಸರಿಯಾಗಿ ಬಂದು ಕೇಳುತ್ತೆ ಕಣೋ. ನಮ್ಮ ಹಳೇ ಹೆಡ್ ನರ್ಸ್ ಥರ.”

ಅಲ್ಲೇ ಎಡವಟ್ಟಾದದ್ದು. ಹೆಡ್ ನರ್ಸ್ ಮುಂದೆ ಯಾರಾದರೂ ಗೊತ್ತಿಲ್ಲ ಎನ್ನುತ್ತಾರೆಯೇ? ಅತ್ತಿಗೆ ಮರ್ಯಾದೆಗೆ ಅಂಜಿ ಎಲ್ಲದಕ್ಕೂ ‘ಸುಲಭ’ ಒತ್ತಿಬಿಟ್ಟರು. ಒಂದು ಬೆಳಿಗ್ಗೆ ಪರದೆಯ ಮೇಲೆ ಓದಲು ಏನೂ ಇರಲಿಲ್ಲ. ಹಸುಗೂಸಿಗೆ ಜ್ವರದ ಔಷಧ ಎಷ್ಟು ಎಂದು ಸುಮ್ಮನೆ ಕೇಳಿದೆ. ಉತ್ತರ ಬರಲಿಲ್ಲ.

೪
(ಇಲ್ಲಿ ಅತ್ತಿಗೆ ಅತ್ತರೆಂದು ಬರೆದಿದ್ದೆ.)

“ನಾನೆಲ್ಲಿ ಕಣ್ಣೀರು ಹಾಕಿದೆ?”

“ಓದೋರ ಕರುಳು ಚುರುಕ್ ಅನ್ನಲಿ ಅಂತ, ಅತ್ತಿಗೆ…”

“ನಿನ್ನ ಕರುಳು ಅನ್ನಲಿ. ನಾನು ಮಾಡಿದ್ದನ್ನ ಬರಿ.”

ಮಾಡಿದ್ದು ಇಷ್ಟು: ವಾಷಿಂಗ್ ಮಷೀನ್ ಗಡಗಡ ಎನ್ನುತ್ತಿರುವಾಗ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಮೊದಲಿನಿಂದ ಶುರು ಮಾಡಿದರು. ಮಗಳು ಎದುರಿಗಿದ್ದರೂ, ನಾನು ಇಣುಕುತ್ತಿದ್ದರೂ, ಮರೆತೆ, ಮರೆತೆ, ಮರೆತೆ ಎಂದು ಒತ್ತುತ್ತಲೇ ಹೋದರು. ನನಗೆ ಅವರ ಮೇಲೆ ಅಭಿಮಾನ ಉಕ್ಕಿತು. ನಾನಂತೂ ನನ್ನ ಒಂದು ಕೆಟ್ಟ ವಾಕ್ಯವನ್ನೂ ಹಾಗೆ ಒಪ್ಪಿಕೊಂಡವನಲ್ಲ.

೫
ಅಂತ್ಯ ಅ: ಪಾಸಾದರು.

ಅಂತ್ಯ ಆ: ಫೇಲಾದರು, ಮತ್ತೆ ಪರೀಕ್ಷೆ ಕಟ್ಟಿದರು.

ಯಾವುದಿರಲಿ ಎಂದು ಅವರನ್ನೇ ಕೇಳಿದೆ. ಫೋನಿನಿಂದ ತಲೆ ಎತ್ತಲಿಲ್ಲ.

“ಪಾಸಾದ್ಮೇಲೂ ಮಕ್ಕಳಿಗೆ ಜ್ವರ ಬರುತ್ತಲ್ಲ? ಮುಗೀತು ಅಂತೆಲ್ಲ ಬರೀಬೇಡ. ಬೇಕಾದ್ರೆ ಒಂದು ಪ್ರಶ್ನೆ ಕೇಳು.”

ಹಳೆಯದನ್ನೇ ಕೇಳಿದೆ. ಹಸುಗೂಸಿಗೆ ಜ್ವರದ ಔಷಧ ಎಷ್ಟು?

ಅತ್ತಿಗೆ ಈಗ ತಲೆ ಎತ್ತಿದರು. “ತೂಕ ನೋಡಿ ತಾನೇ ಔಷಧ? ಮೊದಲು ಮಗು ತೂಕ ಎಷ್ಟು, ಹೇಳು.”

ಅದನ್ನು ನಾನಿನ್ನೂ ಬರೆದಿರಲಿಲ್ಲ.